ಅಪ್ಪನ ಎಡಗಿವಿ

ಕಾನೂನು ಕೈಗೆ ಮಾತ್ರ, ಕಿವಿಗಲ್ಲ ಎಂದು ನಮ್ಮಪ್ಪ ನಂಬಿದ್ದ. ಗಾಡಿ ಓಡಿಸುವವನು ಮೊಬೈಲು ಹಿಡಿದರೆ ತಾನೆ ದಂಡ? ಅದಕ್ಕೇ ಅದನ್ನು ಅವ್ವ ಹಿಡಿಯುತ್ತಿದ್ದಳು. ಅಪ್ಪ ಅಡಿಕೆ ದಲ್ಲಾಳಿ. ಕೆರೆಬಿಳಚಿಯ ನಮ್ಮ ಮನೆಯಿಂದ ಚನ್ನಗಿರಿ ಮಂಡಿ ಮುಟ್ಟುವಷ್ಟರಲ್ಲಿ ಅದೆಷ್ಟೋ ಜನ ರೇಟು ಕೇಳಿ ಫೋನ್ ಮಾಡುತ್ತಿದ್ದರು. ಸ್ಯಾಂಪಲ್ ಅಡಿಕೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅವ್ವ ಬೈಕಿನ ಹಿಂದಿನ ಸೀಟಿನಲ್ಲಿ ಅಡ್ಡಡ್ಡಲಾಗಿ ಕೂರುತ್ತಿದ್ದಳು. ಎಡಗೈಯಲ್ಲಿ ಕ್ಯಾರಿಯರ್, ಬಲಗೈಯಲ್ಲಿ ಅಪ್ಪನ ಎಡಗಿವಿಗೆ ಒತ್ತಿ ಹಿಡಿದ ಮೊಬೈಲು. ಅಪ್ಪ ಕತ್ತು ವಾರೆ ಮಾಡಿಕೊಂಡು ದಾರಿಯಲ್ಲೇ ವ್ಯಾಪಾರ ಮುಗಿಸುತ್ತಿದ್ದ. ಹೆಲ್ಮೆಟ್ ಹಾಕಿದರೆ ರೇಟು ಕೇಳಿಸುವುದಿಲ್ಲವೆಂದು ಅದನ್ನೂ ಮನೆಯಲ್ಲೇ ಬಿಡುತ್ತಿದ್ದ.

ಒಮ್ಮೆ ಚನ್ನಗಿರಿಯಲ್ಲಿ ಪೊಲೀಸರು ಹಿಡಿದರು. ಅಪ್ಪ ಎರಡೂ ಕೈ ಎತ್ತಿ ತೋರಿಸಿ, "ನೋಡ್ರಿ ಸಾಹೇಬ್ರೆ, ನನ್ ಕೈಯಾಗೆ ಏನೈತೆ?" ಎಂದನಂತೆ. "ಕೈ ಯಾರದ್ದಾದ್ರೂ ಆಗ್ಲಿ, ಕಿವಿ ನಿಮ್ದೇ ತಾನೆ ಯಜಮಾನ್ರೆ? ಮಾತಾಡಾಕೆ ಹೋದ ಗ್ಯಾನ ರಸ್ತೆ ಮ್ಯಾಲೆ ಇರ್ತತೇನು?" ಎಂದು ಪೇದೆ ದಂಡ ಬರೆದರು. ಮತ್ತೆ ಸಿಕ್ಕರೆ ದಂಡ ಇನ್ನೂ ಜಾಸ್ತಿ, ಆಮೇಲೆ ಲೈಸೆನ್ಸಿಗೂ ಕುತ್ತು ಎಂದೂ ಹೇಳಿದರು. ಅಪ್ಪ ತಲೆಯಾಡಿಸಿ ಬಂದ. ಮರುದಿನ ಮತ್ತೆ ಅದೇ ಕೈ, ಅದೇ ಕಿವಿ. ಇಂಥ ಮೊಂಡುತನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೋದ ವರ್ಷ ಅವ್ವ ಜ್ವರದಲ್ಲಿ ಹೋಗಿಬಿಟ್ಟಳು. ಅವಳನ್ನು ಮಣ್ಣು ಮಾಡಿ ಬಂದ ಮೇಲೆ ಅಪ್ಪ ಗಾಡಿ ಹತ್ತುವ ಮುಂಚೆ ಮೊಬೈಲನ್ನು ಟಿವಿ ಪಕ್ಕ ಇಟ್ಟು ಹೋಗತೊಡಗಿದ. ಹಿಡಿಯುವವರಿಲ್ಲದ ಮೇಲೆ ಬುದ್ಧಿ ಬಂತು ಅಂದುಕೊಂಡೆವು. ಆ ದುಃಖದಲ್ಲೂ ನನಗೆ ಅದೊಂದು ಸಮಾಧಾನವಾಗಿತ್ತು.

ಆಮೇಲೆ ಜನ ಹೇಳತೊಡಗಿದರು, ನಿಮ್ಮಪ್ಪ ಇನ್ನೂ ಮಾತಾಡಿಕೊಂಡೇ ಗಾಡಿ ಹೊಡೆಯುತ್ತಾನೆ ಎಂದು. ನಾನು ನಂಬಲಿಲ್ಲ. ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ನಲ್ಲೂರಿನ ಅಂಗಡಿಯವನೊಬ್ಬ ನನಗೇ ಫೋನ್ ಮಾಡಿದ. "ಅಣ್ಣಾ, ನಿಮ್ಮಪ್ಪ ಈಗ್ಲೇ ನಮ್ಮಂಗಡಿ ಮುಂದೆ ಹೋದ. ಕತ್ತು ವಾರೆ ಮಾಡ್ಕೊಂಡು ಫೋನಾಗೆ ನಗ್ತಿದ್ದ. ಎದುರಿಗೆ ಲಾರಿ ಬಂದ್ರೂ ನೋಡ್ಲಿಲ್ಲ. ಸ್ವಲ್ಪ ಹೇಳಪ್ಪ." ಅವನು ಇನ್ನೂ ಮಾತಾಡುತ್ತಿರುವಾಗಲೇ ಟಿವಿ ಪಕ್ಕದಲ್ಲಿ ಅಪ್ಪನ ಮೊಬೈಲು ಹೊಡೆದುಕೊಳ್ಳತೊಡಗಿತು. ಯಾರೋ ರೇಟು ಕೇಳುವವರು. ನನ್ನ ಹೆಂಡತಿ ಅದನ್ನೇ ನೋಡುತ್ತಾ ನಿಂತಳು.

ಅದೇ ವಾರ ಚನ್ನಗಿರಿಯಿಂದ ಪೊಲೀಸರ ಕರೆ ಬಂತು. ಬಸ್ ಹತ್ತಿ ಹೋದೆ. ರಸ್ತೆ ಬದಿಯಲ್ಲಿ ಅಪ್ಪ ಗಾಡಿಯ ಪಕ್ಕ ಸುಮ್ಮನೆ ನಿಂತಿದ್ದ. ಹಿಂದೆ ದಂಡ ಹಾಕಿದ್ದ ಪೇದೆಯೇ ಅಲ್ಲಿದ್ದರು. ನನ್ನನ್ನು ಬದಿಗೆ ಕರೆದರು. "ಜೇಬು, ಚೀಲ, ಟವೆಲ್ಲು ಎಲ್ಲ ಹುಡುಕೀನಿ. ಫೋನಿಲ್ಲ. ಆದ್ರೆ ಮಾತಾಡಿದ್ದು ನಾನೇ ಕಣ್ಣಾರೆ ನೋಡೀನಿ. ಬಸ್ಸಿನ ಮುಂದೆ ಹಂಗೇ ನುಗ್ಗಿದ್ರು, ಡ್ರೈವರ್ ಬ್ರೇಕ್ ಹೊಡೆದಿದ್ಕೆ ಬದುಕಿದ್ರು. ಫೋನೇ ಇಲ್ದೆ ಏನಂತ ದಂಡ ಬರೀಲಿ? ಇವರಿಗೆ ಗಾಡಿ ಕೊಡಬ್ಯಾಡ್ರಿ." ಹಾಗೆನ್ನುವಾಗ ಆತ ಅಪ್ಪನ ಕಡೆ ನೋಡಲಿಲ್ಲ. ಪೊಲೀಸರೂ ಹೆದರುತ್ತಾರೆಂದು ನನಗೆ ಅವತ್ತೇ ಗೊತ್ತಾಗಿದ್ದು.

ಗಾಡಿಯ ಕೀ ನಾನೇ ಇಸಿದುಕೊಂಡೆ. "ಇನ್ಮೇಲೆ ನೀನು ಗಾಡಿ ಮುಟ್ಟಂಗಿಲ್ಲ, ಸಾಯಾಕೆ ಹೊಂಟೀಯೇನು?" ಎಂದು ರಸ್ತೆಯಲ್ಲೇ ಕೂಗಾಡಿದೆ. ಅಪ್ಪ ಜಗಳ ಮಾಡುತ್ತಾನೆ ಅಂದುಕೊಂಡಿದ್ದೆ. "ಆತಪ್ಪ, ನೀನೇ ಹೊಡಿ" ಎಂದು ತಣ್ಣಗೆ ಹೇಳಿ ಹಿಂದೆ ಹತ್ತಿದ. ಎಷ್ಟು ಹಿಂದೆ ಎಂದರೆ ಕ್ಯಾರಿಯರ್ ಮೇಲೆಯೇ ಕೂತ. ಮುಂದೆ ಸರಿಯೆಂದರೂ ಸರಿಯಲಿಲ್ಲ. ನನ್ನ ಬೆನ್ನಿಗೂ ಅವನಿಗೂ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದ.

ಊರು ದಾಟಿ ತೋಟಗಳ ನಡುವೆ ಬಂದಾಗ ಬಿಸಿಲು ಚುರುಗುಡುತ್ತಿತ್ತು. "ಗಾಡಿ ಮ್ಯಾಲೆ ಯಾರ ಜೊತೆ ಮಾತಾಡ್ತೀಯಪ್ಪ?" ಎಂದು ಕೇಳಿದೆ. ಸ್ವಲ್ಪ ದೂರ ಹೋದ ಮೇಲೆ ಅಪ್ಪ ಮೆಲ್ಲಗೆ, ಮನೆಯಲ್ಲಿ ಊಟಕ್ಕೆ ಕರೆಯುವಷ್ಟೇ ಸಹಜವಾಗಿ ಹೇಳಿದ:

"ಕತ್ತು ಇನ್ನೊಂಚೂರು ವಾರೆ ಮಾಡೋ. ಅವಳ ಕೈ ನೋಯ್ತತಂತೆ."

ಇನ್ನೊಂಚೂರು ಎಂದರೇನು ಎಂದು ಬೈಯಲು ಹೋದೆ. ಆಗ ಗೊತ್ತಾಯಿತು, ನನ್ನ ಕತ್ತು ಆಗಲೇ ಎಡಕ್ಕೆ ವಾಲಿತ್ತು. ಎಷ್ಟು ಹೊತ್ತಿನಿಂದ ಹಾಗೆ ಓಡಿಸುತ್ತಿದ್ದೆನೋ ಗೊತ್ತಿಲ್ಲ. ಬ್ರೇಕ್ ಹಾಕಿ ಇಳಿದುಬಿಟ್ಟೆ. ಅಪ್ಪನೂ ಇಳಿದ. ಮತ್ತೆ ಹತ್ತುವ ಧೈರ್ಯ ನನಗೆ ಬರಲಿಲ್ಲ. ಮನೆಯವರೆಗೂ ಗಾಡಿಯನ್ನು ತಳ್ಳಿಕೊಂಡೇ ನಡೆದೆ.