ಬೂದು ಕಂಕುಳಿನ ಅತಿಥಿ

ರೊಮ್ಮರ್ಟ್ ಜಗತ್ತನ್ನು ಗೆಲ್ಲಲು ಹೊರಟಾಗಲೆಲ್ಲ ಅವನ ಆಯುಧಗಳು ಎರಡೇ: ಕೊರಳಲ್ಲಿ ನೇತಾಡುವ ಹಿತ್ತಾಳೆ ಸೀಟಿ, ಒದ್ದೆ ಹುಲ್ಲುಗಾವಲಿನಲ್ಲಿ ಹಾಸಿದ ಬಲೆ. ಅವನು ಸೀಟಿ ಊದಿದರೆ ಫ್ರೀಸ್‌ಲ್ಯಾಂಡಿನ ಆಕಾಶದಿಂದ ಹೊನ್ನಗೊರವ ಹಕ್ಕಿಗಳು, ತಮ್ಮವರೇ ಕರೆದರೆಂದು, ಇಳಿದು ಬರುತ್ತಿದ್ದವು. ಹಗ್ಗ ಎಳೆದರೆ ಗಾಳಿಯೇ ಬಲೆಯನ್ನೆತ್ತಿ ಅವುಗಳ ಮೇಲೆ ಮಗುಚುತ್ತಿತ್ತು. ಅಪ್ಪನ ಕಾಲದಲ್ಲಿ ಸಿಕ್ಕ ಹಕ್ಕಿ ಬಾಣಲೆಗೆ ಹೋಗುತ್ತಿತ್ತು; ಮಗನ ಕಾಲದಲ್ಲಿ ಕಾಲಿಗೆ ಗುರುತಿನ ಉಂಗುರ ತೊಟ್ಟು ಆಕಾಶಕ್ಕೆ ಮರಳುತ್ತಿತ್ತು. ಹಾಲಿನ ಲಾರಿಯ ಕೆಲಸದಿಂದ ನಿವೃತ್ತನಾದ ಮೇಲಂತೂ ರೊಮ್ಮರ್ಟ್ ಮನೆ ಸೇರುತ್ತಿದ್ದುದು ಹಸಿವಾದಾಗ, ಇಲ್ಲವೇ ಗಾಳಿ ಬಿದ್ದಾಗ.

ಇಂಥ ವೀರನಿಗೂ ಒಂದು ಕೊರಗಿತ್ತು. ಹೆಂಡತಿಯ ಅಣ್ಣ ಊಬೆಲೆ ಹಿಂದಿನ ವರ್ಷ, ದಾರಿ ತಪ್ಪಿ ಬಂದ ಅಮೆರಿಕದ ಹೊನ್ನಗೊರವವೊಂದನ್ನು ಹಿಡಿದುಬಿಟ್ಟಿದ್ದ. ಅಂದಿನಿಂದ ಅವನು ನಡೆಯುವ ಶೈಲಿಯೇ ಬದಲಾಗಿತ್ತು. ರೊಮ್ಮರ್ಟನಿಗೆ ಸ್ವರ್ಗ ಬೇಕಿರಲಿಲ್ಲ, ಒಂದು ಅಮೆರಿಕನ್ ಬೇಕಿತ್ತು.

ಅಕ್ಟೋಬರಿನ ಒಂದು ಬೆಳಿಗ್ಗೆ ಬಲೆಗೆ ಬಿದ್ದ ಗುಂಪಿನಲ್ಲಿ ಸಣಕಲು ಹಕ್ಕಿಯೊಂದು ಕಂಡಿತು. ರೊಮ್ಮರ್ಟ್ ಅದರ ರೆಕ್ಕೆ ಎತ್ತಿ ನೋಡಿದ. ಇಲ್ಲಿಗೆ ಬರುವ ಮಾಮೂಲಿ ಹಕ್ಕಿಗಳ ಕಂಕುಳು ಹಾಲಿನಂತೆ ಬಿಳಿ, ಇದರದ್ದು ಬೂದು! ಬೂದು ಕಂಕುಳೆಂದರೆ ಅಮೆರಿಕನ್. ಬಲೆಗಾರರ ಮನೆಯ ಮಕ್ಕಳು ಸೀಟಿ ಊದುವ ಮೊದಲೇ ಕಲಿಯುವ ಪಾಠವದು. ರೊಮ್ಮರ್ಟ್ ಒಂದು ಕೈಯಲ್ಲಿ ಹಕ್ಕಿ, ಇನ್ನೊಂದರಲ್ಲಿ ಫೋನು ಹಿಡಿದು ಊರಿಗೆಲ್ಲ ಡಂಗುರ ಸಾರಿದ.

ಹೆಂಡತಿ ಯಿಕ್ಕೆ ಕಾಫಿ ಫ್ಲಾಸ್ಕಿನೊಂದಿಗೆ ಬಂದಳು. ಹಿಂದೆಯೇ ಊಬೆಲೆ, ಹುಳಿ ಕಚ್ಚಿದ ಮುಖದಲ್ಲಿ.

"ತೋರ್ಸು ನೋಡೋಣ. ಗುಬ್ಬಚ್ಚಿಗೆ ಬೂದಿ ಬಳಿದಿಲ್ಲ ತಾನೆ?"

"ಕಣ್ತುಂಬ ನೋಡ್ಕೋ ಭಾವ. ಮುಟ್ಬೇಡ, ನಿನ್ನ ಹೊಟ್ಟೆಕಿಚ್ಚಿಗೆ ಸುಟ್ಟೋಗತ್ತೆ."

ಊಬೆಲೆ ಬಗ್ಗಿ ನೋಡಿದ. ಅವನ ಮುಖ ನಿಧಾನವಾಗಿ ಅರಳಿತು.

"ಅಮೆರಿಕದ್ದಾದ್ರೆ ರೆಕ್ಕೆ ತುದಿ ಬಾಲ ದಾಟಿ ಚೆನ್ನಾಗಿ ಚಾಚಿರ್ಬೇಕು. ಇದ್ರದ್ದು ಬಾಲದ ಹತ್ರಾನೇ ನಿಂತೋಯ್ತಲ್ಲ! ಕಾಲೂ ಉದ್ದ. ಸೈಬೀರಿಯಾದ್ದು ಕಣಯ್ಯ ಇದು. ಅದ್ರ ಕಂಕುಳೂ ಬೂದೇ. ಮೊನ್ನೆ ಬಲೆಗಾರರ ಸಭೇಲಿ ಹೇಳಿದ್ರಲ್ಲ, ನೀನು ಗೊರಕೆ ಹೊಡೀತಿದ್ದೆ."

ರೊಮ್ಮರ್ಟ್ ಹಕ್ಕಿಯನ್ನು ಹೊರಳಿಸಿ ಹೊರಳಿಸಿ ನೋಡಿದ. ರೆಕ್ಕೆ ಒಂದಿಷ್ಟೂ ಬೆಳೆಯಲಿಲ್ಲ. ಸಾಮ್ರಾಜ್ಯ ಕುಸಿಯಿತು.

ಯಿಕ್ಕೆ ಕಾಫಿ ಬಗ್ಗಿಸುತ್ತ ಕೇಳಿದಳು, "ಅಣ್ಣ, ಹೋದ್ವರ್ಷ ನೀನು ಹಿಡಿದಿದ್ದಲ್ಲ, ಅದ್ರ ರೆಕ್ಕೆ ಬಾಲ ದಾಟಿತ್ತಾ?"

"ಅದ್ರ ಕಂಕುಳು ಬೂದಾಗಿತ್ತು."

"ನಾನು ಕೇಳಿದ್ದು ರೆಕ್ಕೆ."

"ಕಂಕುಳು ನೋಡಿದ್ಮೇಲೆ ರೆಕ್ಕೆ ಯಾರು..." ಊಬೆಲೆ ಕಾಫಿಗೆ ಕೈ ಚಾಚಿದ.

"ಫೋಟೋ ಇದ್ಯಲ್ಲ, ಭಾವ?" ರೊಮ್ಮರ್ಟನ ಧ್ವನಿಗೆ ಜೀವ ಬಂತು.

"ಇದೆ," ಊಬೆಲೆ ಬೂಟಿನ ಕೆಸರು ನೋಡಿಕೊಂಡ. "ಕಂಕುಳಿನದು."

ರೊಮ್ಮರ್ಟ್ ನಗಲು ಬಾಯಿ ತೆರೆದವನು ಹಾಗೇ ಉಳಿದ. "ಹಂಗಾದ್ರೆ ನಮ್ಮಪ್ಪ ಹಿಡಿದ ಅಮೆರಿಕನ್‌ಗಳೆಲ್ಲ?"

"ಬೆಣ್ಣೇಲಿ ಬೆಂದು ಹೋದ್ವು," ಎಂದಳು ಯಿಕ್ಕೆ. "ಇನ್ಯಾರನ್ನ ಕೇಳ್ತೀಯ?"

ಉಂಗುರ ತೊಡಿಸಿ ರೊಮ್ಮರ್ಟ್ ಅಂಗೈ ಬಿಚ್ಚಿದ. ಹಕ್ಕಿ ಮೇಲೇರಿತು. ಬಾಲದ ಹಿಂದೆ ಅದರ ಕಾಲ್ಬೆರಳ ತುದಿಗಳು ಇಣುಕುತ್ತಿದ್ದವು. ಅಪ್ಪಟ ಸೈಬೀರಿಯಾದ ಪಾದಗಳು. ಇಬ್ಬರು ವೀರರೂ ಹಣೆಗೆ ಕೈ ಅಡ್ಡ ಹಿಡಿದು, ಅದು ಚುಕ್ಕಿಯಾಗುವವರೆಗೂ ಅದರ ಕಾಲನ್ನೇ ನೋಡಿದರು.

"ಅಲ್ಲಿಗೆ ಅಮೆರಿಕನ್ ಇಬ್ಬರಿಗೂ ಸಿಕ್ಕಿಲ್ಲ," ಎಂದ ರೊಮ್ಮರ್ಟ್. "ಬಾ ಭಾವ, ಹಗ್ಗ ಹಿಡ್ಕೋ. ನಾನು ಸೀಟಿ ಊದ್ತೀನಿ."

"ಸಿಕ್ಕಿದ್ರೆ ಯಾರದ್ದು?"

"ಸೀಟಿ ಊದಿದವನದ್ದು."

ಊಬೆಲೆ ಗೊಣಗುತ್ತಲೇ ಹಗ್ಗ ಹಿಡಿದು ಕೂತ.