ನಾಲ್ಕನೇ ಅಂಶದ ಗುಡಿಸು

ಅವರು ನನಗೆ ಬೀಗರು, ಅವರ ಕಸುಬೂ ಬೀಗದ್ದೇ. ಅವರ ಮಗಳನ್ನು ನನ್ನ ಮಗನಿಗೆ ತಂದುಕೊಂಡ ದಿನದಿಂದ ಈ ಒಂದೇ ತಮಾಷೆಯನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೇನೆ. ಪ್ರತಿ ಸಲವೂ ಅವರು ಹೊಸದಾಗಿ ಕೇಳಿದವರಂತೆ ನಕ್ಕಿದ್ದಾರೆ. ಬೀಗರೆಂದರೆ ಹಾಗಿರಬೇಕು.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಕನ್ನಡಕದ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಅವರ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವರು ಬೀದಿಯಲ್ಲಿ ನಿಲ್ಲಬೇಕು. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಕೀಲಿಕೈ. ಹೊಸ ಬೀಗ ಕೊಳ್ಳಲು ಬಂದವರಿಗೆ ಅವರು ಮೊದಲು ಕೇಳುವುದು, "ಹಳೇದಕ್ಕೆ ಏನಾಗಿದೆ? ತಂದು ತೋರ್ಸಿ." ಬಹಳ ಸಲ ಹಳೆಯದಕ್ಕೆ ಏನೂ ಆಗಿರುವುದಿಲ್ಲ, ಎಣ್ಣೆ ಕಾಣದೆ ಒಣಗಿರುತ್ತದೆ ಅಷ್ಟೆ. ಹೀಗೆ ವ್ಯಾಪಾರ ಮಾಡಿದರೆ ಉದ್ಧಾರ ಆದ ಹಾಗೆಯೇ ಎಂದು ನಾನು ಬಾಯಿಬಿಟ್ಟು ಹೇಳಿದ್ದೂ ಉಂಟು. ಅವರ ರಾಜಕೀಯವೂ ಇದೇ. ಇರುವುದು ನಡೆಯುತ್ತಿದ್ದರೆ ಮುಟ್ಟಬೇಡಿ, ನಡೆಯದಿದ್ದರೆ ಬಿಚ್ಚಿ ನೋಡಿ, ಬೇಡದ ಭಾಗವನ್ನು ತೆಗೆದು ಬಿಸಾಕಿ. ಸರ್ಕಾರ ಚಿಕ್ಕದಾದಷ್ಟೂ ಚೆನ್ನ ಎನ್ನುವವರು. ಮುದ್ರಣಾಲಯ ಇಟ್ಟುಕೊಂಡ ನನಗೆ ಎಲ್ಲ ಪಕ್ಷದವರೂ ಗಿರಾಕಿಗಳೇ, ಆದರೆ ಮನಸ್ಸಿನಲ್ಲಿ ನಾನು ಅವರ ಎದುರು ಪಕ್ಷ.

ಅವರು ವಿಧಾನಸಭೆ ಚುನಾವಣೆಗೆ ನಿಂತದ್ದು ಒಂದು ಬೀರುವಿನ ದೆಸೆಯಿಂದ. ಹೋದ ವರ್ಷ ನಮ್ಮೂರಿನ ಪರವಾನಗಿ ಕಚೇರಿಯ ಬೀರುವಿನ ಕೀಲಿಕೈ ಕಳೆದುಹೋಯಿತು. ಗ್ಯಾರೇಜು, ಕ್ಷೌರದಂಗಡಿ, ಹೊಲಿಗೆ ಅಂಗಡಿ, ಬೀಗದಂಗಡಿ, ಎಲ್ಲಕ್ಕೂ ವರ್ಷಕ್ಕೊಮ್ಮೆ ಪರವಾನಗಿ ಕೊಡುವ ಕಚೇರಿ ಅದು. ಬೀಗರಿಗೆ ಕರೆ ಬಂತು. ಚೀಲ ತಗಲಿಸಿಕೊಂಡು ಹೋದರು. ಬೀರುವಿನ ಮುಂದೆ ಕೂತು ತಂತಿ ತೆಗೆಯುವಷ್ಟರಲ್ಲಿ ಅಲ್ಲಿನ ಅಧಿಕಾರಿ, "ಈ ವರ್ಷದ ಪರವಾನಗಿ ತೋರಿಸಿ. ಪರವಾನಗಿ ಇಲ್ದವರ ಕೈಲಿ ಸರ್ಕಾರಿ ಬೀರು ತೆಗೆಸೋ ಹಾಗಿಲ್ಲ" ಎಂದರು. ಬೀಗರು ಬೀರುವಿನ ಕಡೆ ಬೆರಳು ತೋರಿಸಿ, "ಅದು ಇದರೊಳಗೇ ಇದೆ ಸ್ವಾಮಿ. ಅರ್ಜಿ ಕೊಟ್ಟು ಐದು ತಿಂಗಳಾಯ್ತು" ಎಂದರು. ಅಧಿಕಾರಿ ಜಗ್ಗಲಿಲ್ಲ. ಪಕ್ಕದ ಊರಿನಿಂದ ಪರವಾನಗಿ ಇದ್ದವನೊಬ್ಬ ಬಂದು, ಬೀಗ ತೆಗೆಯಲಾಗದೆ ಬಾಗಿಲನ್ನೇ ಒಡೆದು ಹೋದ. ಒಳಗೆ ಬೀಗರ ಕಡತಕ್ಕೆ ಸಹಿ ಬಿದ್ದು ನಾಲ್ಕು ತಿಂಗಳಾಗಿತ್ತು. ಅದನ್ನು ಹೊರಗೆ ಕಳಿಸುವುದನ್ನು ಯಾರೋ ಮರೆತಿದ್ದರು.

ಕೇಳಿದವರೆಲ್ಲ ಬಿದ್ದು ಬಿದ್ದು ನಕ್ಕರು. ಬೀಗರು ನಗಲಿಲ್ಲ. "ಆ ಬಾಗಿಲು ನೋಡಿ ಹೊಟ್ಟೆ ಉರೀತು. ಎರಡು ನಿಮಿಷದ ಕೆಲಸ ಅದು" ಎಂದು ಒಂದು ವಾರ ಹೇಳಿದ್ದನ್ನೇ ಹೇಳಿದರು. ಆಮೇಲೆ ಸಂಪ್ರದಾಯವಾದಿಗಳ ಪಕ್ಷದ ಬಾಗಿಲಿಗೆ ಹೋದರು. ನಮ್ಮ ಕ್ಷೇತ್ರದಲ್ಲಿ ಒಮ್ಮೆಯೂ ಗೆಲ್ಲದ ಆ ಪಕ್ಷದವರು ನಿಲ್ಲುವವರು ಸಿಗದೆ ತಲೆ ಕೆಡಿಸಿಕೊಂಡಿದ್ದರು. ಟಿಕೆಟ್ ಸಿಕ್ಕಿತು.

ಒಂದು ಮಧ್ಯಾಹ್ನ ಕರಪತ್ರದ ಬರಹ ಹಿಡಿದುಕೊಂಡು ನನ್ನ ಮುದ್ರಣಾಲಯಕ್ಕೆ ಬಂದರು. ಆಡಳಿತ ಸುಧಾರಣೆಗೆ ನಾಲ್ಕು ಅಂಶ. ಯಾಕೆ ಬೇಕೆಂದು ಯಾರೂ ಹೇಳಲಾಗದ ನಿಯಮ ವರ್ಷದೊಳಗೆ ರದ್ದು. ಒಂದು ಕೆಲಸಕ್ಕೆ ಒಂದೇ ಅರ್ಜಿ, ಒಂದೇ ಕಿಟಕಿ. ಶಾಸಕನಾದವನು ಎರಡು ಅವಧಿ ಮುಗಿಸಿ ಮನೆಗೆ. ನಾಲ್ಕನೆಯದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದೆ: "ಪರವಾನಗಿ ಕಚೇರಿಯ ಕಡಿತವೇ ನನ್ನ ಮೊದಲ ಕೆಲಸ."

ಆ ಕಚೇರಿಯ ಮೂರನೇ ಕಿಟಕಿಯಲ್ಲಿ ಕೂರುವ ಗುಮಾಸ್ತೆ ಅವರ ಮಗಳು, ನನ್ನ ಸೊಸೆ. ತಾಯಿಯಿಲ್ಲದ ಮಗು, ಅಂಗಡಿಯಲ್ಲೇ ಬೆಳೆದವಳು. ಅಂಗಡಿಯ ಶಟರ್ ಮೇಲೆ ಸೀಮೆಸುಣ್ಣದಲ್ಲಿ ಬರೆದು ಬರೆದು ಅವಳಿಗೆ ಕಾಗುಣಿತ ಕಲಿಸಿದವರು ಬೀಗರೇ. ಆರು ವರ್ಷ ತಾತ್ಕಾಲಿಕ ಎನ್ನಿಸಿಕೊಂಡು ದುಡಿದ ಮೇಲೆ ಅವಳ ಕೆಲಸ ಈಗಷ್ಟೇ ಕಾಯಂ ಆಗಿತ್ತು. ಆದೇಶ ಬಂದ ದಿನ ಅದನ್ನು ನನ್ನ ಕೈಗಿಟ್ಟು, "ಮಾವ, ಕಾಗುಣಿತ ಸರಿ ಇದ್ಯಾ ನೋಡಿ" ಎಂದು ನಕ್ಕಿದ್ದಳು. ಆ ಕಚೇರಿಗೆ ಕತ್ತರಿ ಬಿದ್ದರೆ ಮೊದಲು ಹೋಗುವುದು ಹೊಸದಾಗಿ ಕಾಯಂ ಆದವರ ಕೆಲಸ.

"ಅವಳಿಗೆ ಹೇಳಿದ್ದೀರಾ ಬೀಗ್ರೇ?" ಎಂದು ಕೇಳಿದೆ.

"ಹೋದ ವಾರ ಊಟಕ್ಕೆ ಬಂದಾಗ ಹೇಳ್ದೆ. ಅರ್ಧ ಊಟಕ್ಕೆ ಎದ್ದು ಹೋದ್ಲು."

"ಈ ಒಂದು ಬಿಟ್ಬಿಡಿ. ಮೂರು ಅಂಶ ಇದ್ರೆ ಸಾಲ್ದಾ?"

"ಬೇರೆಯವರ ಮಕ್ಕಳಿದ್ರೆ ಬರೀತೀನಿ, ನನ್ನ ಮಗಳಿದ್ರೆ ಬರೆಯಲ್ಲ ಅಂದ್ರೆ, ಈಗ ಅಲ್ಲಿ ಕೂತಿರೋರಿಗೂ ನನಗೂ ಏನು ವ್ಯತ್ಯಾಸ ಹೇಳಿ." ಮಾತು ಗಟ್ಟಿಯಾಗಿತ್ತು. ಕೈ ಮಾತ್ರ ಮೇಜಿನ ಮೇಲಿದ್ದ ಅಂಟಿನ ಡಬ್ಬಿಯ ಮುಚ್ಚಳವನ್ನು ಬಿಚ್ಚುವುದು, ಹಾಕುವುದು, ಬಿಚ್ಚುವುದು. "ಅವತ್ತಿಂದ ಮಾತಾಡ್ತಿಲ್ಲ. ನಿಮ್ಮನೆ ಕಡೆ ಬರೋಕೂ ನನಗೆ ಮುಖ ಇಲ್ಲ."

ಅವರು ಹೋದ ಮೇಲೆ ಕಂಪ್ಯೂಟರ್ ಮುಂದೆ ಕೂತೆ. ಮೂವತ್ತೆಂಟು ವರ್ಷ ಅಕ್ಷರ ಜೋಡಿಸಿದವನು ನಾನು. ಬೇರೆಯವರ ಕರಪತ್ರದಲ್ಲಿ ಒಂದು ಒತ್ತಕ್ಷರ ತಪ್ಪಿದರೂ ಮೈ ಪರಚಿಕೊಳ್ಳುವವನು. ಅಂಥ ನಾನು ಒಂದೇ ಒಂದು ಕೀಲಿ ಒತ್ತಿ 'ಡಿ' ಮೇಲಿನ ಗುಡಿಸನ್ನು ತೆಗೆದುಬಿಟ್ಟೆ. 'ಕಡಿತ' ಹೋಗಿ 'ಕಡತ'ವಾಯಿತು. "ಪರವಾನಗಿ ಕಚೇರಿಯ ಕಡತವೇ ನನ್ನ ಮೊದಲ ಕೆಲಸ." ಓದಲು ಎಲ್ಲೂ ಎಡವುವುದಿಲ್ಲ. ಬೀಗರು ಕಚೇರಿಯನ್ನೇ ಗುಡಿಸಿಹಾಕಲು ಹೊರಟಿದ್ದರು, ನಾನು ಗುಡಿಸನ್ನೇ ಗುಡಿಸಿಹಾಕಿದೆ. ಸೊಸೆಗೆ ದೊಡ್ಡ ಉಪಕಾರ ಮಾಡಿದೆ ಎಂದುಕೊಂಡೆ. ಯಾರಾದರೂ ಕೇಳಿದರೆ ಅಚ್ಚಿನ ತಪ್ಪು ಎನ್ನಲು ಬಾಯಿ ಸಿದ್ಧವಿತ್ತು.

ಎರಡು ಸಾವಿರ ಅಚ್ಚಾದವು. ಮೊದಲ ದಿನವೇ ಐನೂರು ಹಂಚಿಹೋದವು. ಮರುದಿನ ಬೆಳಿಗ್ಗೆ ಬೀಗದಂಗಡಿಯ ಮುಂದೆ ಸಾಲು. ಹೊಲಿಗೆಯಾಕೆ ಅರ್ಜಿಯ ನಕಲು ತಂದಿದ್ದಳು, ಗ್ಯಾರೇಜಿನವನು ಎಣ್ಣೆಗೈಯಲ್ಲೇ ಮೂರು ಅರ್ಜಿ ಹಿಡಿದಿದ್ದ. "ನಿಮ್ಮಷ್ಟು ನೇರವಾಗಿ ಇದುವರೆಗೂ ಯಾರೂ ಬರ್ದಿರ್ಲಿಲ್ಲ. ಗೆದ್ದ ತಕ್ಷಣ ನಮ್ಮ ಕಡತಕ್ಕೇ ಕೈ ಹಾಕ್ತೀರಂತಲ್ಲ" ಎಂದು ಹೊಗಳಿದ್ದೇ ಹೊಗಳಿದ್ದು. ಬೀಗರಿಗೆ ತಲೆಬುಡ ತಿಳಿಯಲಿಲ್ಲ. ಕೊನೆಗೆ ತಮ್ಮದೇ ಕರಪತ್ರವನ್ನು ಕೂತು ಓದಿದರು.

ಆ ಶನಿವಾರ ಮಧ್ಯಾಹ್ನ ಉಳಿದ ಸಾವಿರದೈನೂರರ ಕಟ್ಟುಗಳನ್ನು ಸೈಕಲ್ಲಿಗೆ ಹೇರಿಕೊಂಡು ನನ್ನಲ್ಲಿಗೆ ಬಂದರು. ಒಂದು ಹಾಳೆಯನ್ನು ನನ್ನ ಮುಂದಿಟ್ಟು 'ಡ' ಮೇಲೆ ಬೆರಳಿಟ್ಟರು.

"ಬೀಗ್ರೇ, ಇದು ಕೈತಪ್ಪಾ, ಬೇಕಂತ ಮಾಡಿದ್ದಾ?"

ಸಿದ್ಧವಿದ್ದ ಸುಳ್ಳನ್ನು ಅವರ ಮುಂದೆ ಹೇಳಲಾಗಲಿಲ್ಲ. "ಬೇಕಂತಲೇ ಮಾಡ್ದೆ. ಆ ಹುಡುಗಿ ಮುಖ ನೋಡಕ್ಕಾಗ್ಲಿಲ್ಲ."

ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. "ನನಗೂ ಆಗ್ತಿಲ್ಲ" ಎಂದರು. ಕಟ್ಟುಗಳನ್ನು ಮೇಜಿನ ಮೇಲಿಡುತ್ತ, "ಪಕ್ಷದೋರು ಹಾಗೇ ಇರ್ಲಿ ಬಿಡಿ ಅಂತಾರೆ. ಈ ತಪ್ಪಿಗೇ ವೋಟು ಬರುತ್ತಂತೆ. ಸುಮ್ನೆ ಹಂಚಿದ್ರೆ ವೋಟೂ ಸಿಗುತ್ತೆ, ಮಗಳೂ ಸಿಗ್ತಾಳೆ. ಆದ್ರೆ ಇದು ನಾನು ಹೇಳಿದ್ದಲ್ಲ. ಹಂಚಿರೋ ಐನೂರಕ್ಕೆ ಮನೆಮನೆಗೆ ಹೋಗಿ ಹೇಳ್ತೀನಿ" ಎಂದರು. ನನ್ನ ಮೇಜಿನ ಪೆನ್ನು ತೆಗೆದುಕೊಂಡು ಕೂತು, ಮೊದಲ ಹಾಳೆ ಎಳೆದುಕೊಂಡು, 'ಡ' ತಲೆಯ ಮೇಲೆ ಗುಡಿಸು ಬರೆದರು. ಬೀಗದ ಹೊಟ್ಟೆಯೊಳಗೆ ಕೂದಲೆಳೆಯಂಥ ತಂತಿ ಆಡಿಸುವ ಕೈ ಅದು, ಅವತ್ತು ಅದಕ್ಕೆ ಒಂದು ಗುಡಿಸನ್ನು ನೆಟ್ಟಗೆ ಬರೆಯಲಾಗಲಿಲ್ಲ. ನನಗೆ ನಾಚಿಕೆಯಾಯಿತು. ನಾನೂ ಒಂದು ಕಟ್ಟು ಬಿಚ್ಚಿದೆ.

ಶನಿವಾರ ಕಚೇರಿ ಬೇಗ ಮುಗಿಯುತ್ತದೆ. ಮನೆಗೆ ಹೋಗುವಾಗ ಮುದ್ರಣಾಲಯಕ್ಕೆ ಬಂದು ನನ್ನ ಊಟದ ಡಬ್ಬಿ ತೆಗೆದುಕೊಂಡು ಹೋಗುವುದು ಸೊಸೆಯ ರೂಢಿ. ಬಂದವಳು ಅಪ್ಪನನ್ನು ಕಂಡು ಬಾಗಿಲಲ್ಲೇ ನಿಂತಳು. ಅವರು ತಲೆ ಎತ್ತಲಿಲ್ಲ. ಗುಡಿಸು ತೆಗೆದದ್ದು ನಾನು, ಅಪ್ಪ ಅದನ್ನು ವಾಪಸ್ ಹಾಕುತ್ತಿದ್ದಾರೆ ಎಂದು ನಾನೇ ಎಲ್ಲವನ್ನೂ ಹೇಳಿದೆ.

"ಮಾವ, ಹೀಗೆ ಮಾಡಿ ಅಂತ ನಾನು ಕೇಳಿದ್ನಾ?"

"ಇಲ್ಲಮ್ಮ."

ಅವಳು ಅಪ್ಪ ತಿದ್ದಿದ ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಬ್ಯಾಗು ಕೆಳಗಿಟ್ಟು ಅವರ ಎದುರಿಗೆ ಸ್ಟೂಲ್ ಎಳೆದುಕೊಂಡಳು.

"ಏನಪ್ಪ ಇದು, ಗುಡಿಸೋ ಎರೆಹುಳುವೋ? ಕೊಡು ಇಲ್ಲಿ." ಪೆನ್ನು ಕಿತ್ತುಕೊಂಡಳು. "ನನ್ನ ಕೆಲಸ ಹೋಗೋದೇ ಆದ್ರೆ ಸರಿಯಾದ ಕಾಗುಣಿತದಲ್ಲಿ ಹೋಗ್ಲಿ."

ಬೀಗರು ಏನೋ ಹೇಳಲು ಹೊರಟರು. ಅವಳು ಬರೆಯುತ್ತಲೇ, "ನೀನು ಸುಮ್ನಿರು. ನೀನು ಹೇಳೋದು ತಪ್ಪು ಅಂತ ಈಗ್ಲೂ ಹೇಳ್ತೀನಿ. ಆ ಕಿಟಕೀಲಿ ಕೂತೋಳು ನಾನು. ಅಲ್ಲಿ ಜಾಸ್ತಿ ಇರೋದು ಜನ ಅಲ್ಲ, ಸಹಿ. ಸಹಿ ಕಡಿತ ಅಂತ ಬರೀಬೇಕಿತ್ತು. ನನ್ನ ವೋಟಂತೂ ನಿನಗಿಲ್ಲ" ಎಂದಳು.

"ನಾನು ಕೇಳ್ಲೂ ಇಲ್ಲ" ಎಂದರು ಬೀಗರು. ಇಷ್ಟು ದಿನದ ಮೇಲೆ ಮಗಳು ಬಾಯಿಬಿಟ್ಟು ಜಗಳ ಆಡಿದ್ದಕ್ಕೆ ಅವರ ಕಣ್ಣು ತುಂಬಿತ್ತು. ಮೂವರೂ ಕೂತು ಬೆಳಕಿರುವಾಗಲೇ ಮುಗಿಸಿದೆವು. ಅವಳ ಗುಡಿಸು ನನ್ನ ಅಚ್ಚಿಗಿಂತ ಚೆನ್ನಾಗಿತ್ತು.

ತಿದ್ದಿದ ಕರಪತ್ರ ಊರಿಗೆ ಹೋದ ಮೇಲೆ ಅಂಗಡಿಯ ಮುಂದಿನ ಸಾಲು ಕರಗಿತು. ಬೀಗರು ಸೋತರು, ಅದೂ ಹೇಳಿಕೊಳ್ಳುವಂಥ ಸೋಲಲ್ಲ. ಕಚೇರಿ ಇದ್ದಲ್ಲೇ ಇದೆ, ಸೊಸೆ ಮೂರನೇ ಕಿಟಕಿಯಲ್ಲಿದ್ದಾಳೆ. ಫಲಿತಾಂಶ ಬಂದ ಮುಂದಿನ ಭಾನುವಾರ ಅವರು ನಮ್ಮ ಮನೆಗೆ ಊಟಕ್ಕೆ ಬಂದರು. ಬರುತ್ತಲೇ ನಮ್ಮ ಮುಂಬಾಗಿಲಿನ ಬೀಗಕ್ಕೆ ಎಣ್ಣೆ ಬಿಟ್ಟರು, ಆಮೇಲೆ ಕೈ ತೊಳೆದರು.

"ಮುಂದಿನ ಸಲಾನೂ ನಿಲ್ತೀನಿ" ಎಂದರು ಊಟದ ನಡುವೆ. "ನಾಲ್ಕನೇ ಅಂಶ ಅದೇ."

ನಾನು ಸೊಸೆಯ ಮುಖ ನೋಡಿದೆ. ಅವಳು ಅಪ್ಪನ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

"ನಿಲ್ಲು, ಬೇಡ ಅಂದೋರ್ಯಾರು. ಬರಹ ಮಾತ್ರ ನನಗೆ ಕೊಡು, ನಾನೇ ಟೈಪ್ ಮಾಡ್ಕೊಡ್ತೀನಿ. ಮಾವನ ಕೈಗೆ ಕೊಡ್ಬೇಡ."

ಅವತ್ತು ಯಾರೂ ಅರ್ಧ ಊಟಕ್ಕೆ ಏಳಲಿಲ್ಲ.