ಒಲೆ ಹಚ್ಚಿ ಎಂದು ಹೇಳುವವರು

ಅಪ್ಪ ಜನ್ಮದಲ್ಲಿ ಹೆಂಡ ಮುಟ್ಟಿದವರಲ್ಲ. ಆದರೂ ಅಗ್ರಹಾರದ ನಮ್ಮ ಬೀದಿಯಲ್ಲಿ ಅವರು ನಡೆದು ಬಂದರೆ ಜನ ಮೂಗು ಮುರಿಯುತ್ತಿದ್ದರು. ಹೆಜ್ಜೆ ಅತ್ತಿತ್ತ ಬೀಳುತ್ತಿತ್ತು, ಮಾತು ತೊದಲುತ್ತಿತ್ತು. ಅದು ವಂಶದಲ್ಲಿ ಇಳಿದು ಬರುವ ನರದ ಕಾಯಿಲೆ ಎಂದು ನಮಗೆ ಗೊತ್ತಾದದ್ದು ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, ಅಣ್ಣನ ಹೆಜ್ಜೆಯೂ ಹಾಗೆಯೇ ಬೀಳತೊಡಗಿದಾಗ.

ಅಣ್ಣನದು ಅದೇ ಬೀದಿಯಲ್ಲಿ ಗ್ರಂಧಿಗೆ ಅಂಗಡಿ. ಅರಿಶಿನ, ಕರ್ಪೂರ, ಗೆಜ್ಜೆವಸ್ತ್ರ, ಏನು ಕೇಳಿದರೂ ಮಾತಾಡುತ್ತಲೇ ಪೊಟ್ಟಣ ಕಟ್ಟಿ ಕೊಡುತ್ತಿದ್ದವನಿಗೆ ದಾರದ ತುದಿ ಸಿಗದಂತಾಯಿತು. ನಾನು ಕುವೆಂಪುನಗರದಲ್ಲಿರುವವಳು, ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವಳು. ಅಳು ಬರುವ ಕಡೆ ಪ್ರಶ್ನೆ ಕೇಳುವುದು ನನ್ನ ಜಾಯಮಾನ. ಅವನನ್ನು ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ಅವರ ತಲೆಯನ್ನೂ ತಿಂದೆ.

ಪಾಪ, ಅವರು ಬೇಸರಿಸದೆ ಹೇಳಿದರು. ಅಪ್ಪನಿಂದ ಬಂದ ಜೀನಿನ ಒಂದು ತಪ್ಪಿನಿಂದ ಒಂದು ಪ್ರೋಟೀನು ಸರಿಯಾಗಿ ಮಡಚಿಕೊಳ್ಳುವುದಿಲ್ಲ. ನಡಿಗೆಯ ಹದ ಕಾಯುವ ನರಕೋಶಗಳಲ್ಲಿ ಅದು ಗಂಟುಗಂಟಾಗಿ ಸೇರುತ್ತದೆ. ಕೋಶ ಗಾಬರಿಗೊಂಡು, ಮೊದಲು ಈ ಕಸ ತೀರಲಿ ಎಂದು ಹೊಸ ಪ್ರೋಟೀನು ತಯಾರಿಸುವುದನ್ನೇ ಬಹುಪಾಲು ನಿಲ್ಲಿಸಿಬಿಡುತ್ತದೆ.

"ಅದು ಒಳ್ಳೇದೇ ಅಲ್ವಾ?" ಎಂದೆ.

"ಸ್ವಲ್ಪ ಹೊತ್ತಿಗೆ ಒಳ್ಳೇದೇ ಕಣ್ರೀ. ಆದ್ರೆ ಇಲ್ಲಿ ಕಸ ತೀರೋದೇ ಇಲ್ಲ. ನಿಲ್ಸಿದ್ದನ್ನ ಅದು ಮತ್ತೆ ಶುರು ಮಾಡಲ್ಲ. ಕೊನೆಗೆ ತಾನು ಬದುಕೋಕೆ ಬೇಕಾದ್ದೂ ಇಲ್ದೆ ಸಾಯುತ್ತೆ ಅಂತ ಒಂದು ಅಂದಾಜು. ಸತ್ತ ನರಕೋಶದ ಜಾಗಕ್ಕೆ ಇನ್ನೊಂದು ಬರಲ್ಲ."

ಕಾಪಾಡಬೇಕಾದ ಉಪಾಯವೇ ಕೊಲ್ಲುತ್ತದೆಯೇ? ಎಂಥ ಸೋಜಿಗ! ನನಗೆ ಅಪ್ಪ ಹೋದ ದಿನಗಳು ನೆನಪಾದವು. ಸೂತಕದ ಮನೆಯೆಂದು ಅಮ್ಮ ಒಲೆ ಹಚ್ಚಲಿಲ್ಲ. ಅಕ್ಕಪಕ್ಕದವರೇ ಅನ್ನ ಸಾರು ತಂದಿಟ್ಟರು. ಸೂತಕ ಕಳೆದ ಮೇಲೂ ಅಮ್ಮ ಗೋಡೆಗೊರಗಿ ಕೂತೇ ಇದ್ದಳು. ಎದುರುಮನೆಯ ಅಜ್ಜಿ ಬಂದು, "ಇನ್ನು ಒಲೆ ಹಚ್ಚು ಕಣಮ್ಮ" ಎಂದ ಮೇಲೆಯೇ ಅಡುಗೆಮನೆಗೆ ಹೋದದ್ದು.

"ಹಂಗಾದ್ರೆ ಡಾಕ್ಟ್ರೇ, ಸೂತಕ ಮುಗೀತು, ಒಲೆ ಹಚ್ಚು ಅಂತ ಆ ಕೋಶಕ್ಕೆ ಹೇಳೋರು ಯಾರು?"

ಪಕ್ಕದ ಕುರ್ಚಿಯಲ್ಲಿದ್ದ ಅಣ್ಣ ಕಿಸಕ್ಕನೆ ನಕ್ಕ. ಡಾಕ್ಟರೂ ನಕ್ಕರು. "ಲ್ಯಾಬ್‌ಗಳಲ್ಲಿ ಹುಡುಕ್ತಾ ಇರೋದೇ ಅದನ್ನ ಕಣ್ರೀ." ಆಮೇಲೆ ನನ್ನ ಕಡೆ ತಿರುಗಿ, ಇದು ನನಗೂ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ, ಬೇಕಾದರೆ ರಕ್ತ ಪರೀಕ್ಷೆ ಮಾಡಿಸಬಹುದು, ಅವಸರವೇನಿಲ್ಲ ಎಂದರು.

ಲೋಕದ ಪ್ರಶ್ನೆಗಳನ್ನೆಲ್ಲ ಕೇಳುವ ನನಗೆ ಆ ಒಂದು ಉತ್ತರ ಮಾತ್ರ ಬೇಡವಾಯಿತು. ಹೆದರಿದ್ದೆ. ಆದರೂ ಕುತೂಹಲ ಬಿಡಬೇಕಲ್ಲ! ದಿನಾ ಬೆಳಿಗ್ಗೆ ಅಡುಗೆಮನೆಯ ಟೈಲ್ಸ್ ಗೆರೆಯ ಮೇಲೆ ಹೆಬ್ಬೆರಳಿಗೆ ಹಿಮ್ಮಡಿ ತಾಗಿಸಿ ನಡೆದು ನೋಡುತ್ತಿದ್ದೆ. ಮುಗ್ಗರಿಸಿದರೆ ಕಾಯಿಲೆ, ಇಲ್ಲದಿದ್ದರೆ ನಾಳೆ ನೋಡೋಣ. ಬೀಳುತ್ತೇನೆಂದು ಸ್ಕೂಟರ್ ಬಿಟ್ಟೆ. ಮೆಟ್ಟಿಲು ಕಡಿದಾಗಿದೆಯೆಂದು ಮಹಡಿಯ ಮೇಲಿನ ಸಂಗೀತದ ಪಾಠ ಬಿಟ್ಟೆ. ಗೆಳತಿಯರ ಜೊತೆಗಿನ ಪ್ರವಾಸಕ್ಕೂ ಏನೋ ನೆವ ಹೇಳಿದೆ. ಎಷ್ಟು ಹುಷಾರಾಗಿದ್ದೇನೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಒಂದು ಭಾನುವಾರ ಆಟೋ ಹಿಡಿದು ಅಣ್ಣನ ಮನೆಗೆ ಹೋಗಿದ್ದೆ. ಅವನು ಗೋಡೆ ಹಿಡಿದು ಒಳಗಿನಿಂದ ಬರುವ ಹೊತ್ತಿಗೆ ನಾನು ಪಡಸಾಲೆಯಲ್ಲಿ ಕೆಂಪು ಗಾರೆಯ ಅಂಚಿನ ಗೆರೆ ಹಿಡಿದು ನಡೆಯುತ್ತಿದ್ದೆ.

"ಏನೇ ಇದು, ಸರ್ಕಸ್ಸಾ?" ಎಂದ. ಬಾಗಿಲಾಚೆ ಇಣುಕಿದ. "ಸ್ಕೂಟರ್ ಎಲ್ಲಿ?"

"ಬಿಟ್ಬುಟ್ಟೆ."

"ಹಾಡು?"

"ಅದೂ ಬಿಟ್ಬುಟ್ಟೆ."

ಅವನು ಕುರ್ಚಿಗೆ ಒರಗಿ, ಒಂದೊಂದೇ ಪದವನ್ನು ಎಳೆದು ತಂದು ಹೇಳಿದ: "ಕಾಯ್ಲೆ ಬಂದಿರೋದು ನಂಗೆ ಕಣೇ. ಒಲೆ ಆರಿಸ್ಕೊಂಡು ಕೂತಿರೋಳು ನೀನು."

ಮೈಯೆಲ್ಲ ಉರಿದುಹೋಯಿತು. ಉತ್ತರ ಕೊಡಲು ಬಾಯಿ ತೆರೆದೆ, ಅಳು ಬಂತು.

ಮುಂದಿನ ಭಾನುವಾರ ಸ್ಕೂಟರಿನಲ್ಲೇ ಹೋದೆ. ಬನ್ನಿಮಂಟಪದ ತನಕ ಒಂದು ಸುತ್ತು ಹೊಡೆಸು ಎಂದು ಅಣ್ಣ ಹಟ ಹಿಡಿದ. ಪಕ್ಕದ ಅಂಗಡಿಯವರು ಅವನನ್ನು ಎತ್ತಿ ಹಿಂದೆ ಕೂರಿಸಿದರು. ಅವನು ನನ್ನ ಭುಜಗಳನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡ. ಬೀದಿಯ ತಿರುವಿನಲ್ಲಿ ಗಾಡಿ ಸ್ವಲ್ಪ ವಾಲಿತು. ವಾಲಿಸಿದ್ದು ಅವನ ಮೈಯೋ ನನ್ನ ಕೈಯೋ, ನಾನು ಪರೀಕ್ಷಿಸಲು ಹೋಗಲಿಲ್ಲ.